ಬಯ್ಯದವರ ವಿಭಾಗಕ್ಕೆ ಮೊದಲ ಬಹುಮಾನ

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ಕೇಳುವುದು ವಾಡಿಕೆ ಎಂದು ಕೇಳಿದೆ, ಅಷ್ಟೇ. ಶುರುಮಾಡುವುದರಲ್ಲಿ ನನ್ನನ್ನು ಮೀರಿಸುವವರು ಈ ಭೂಮಿಯ ಮೇಲೆ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಮೊದಲ ವಾಕ್ಯಗಳನ್ನು ಓದಿ ಬೇರೆ ಕಸುಬು ಹಿಡಿದಿದ್ದಾರೆ. ಹಿಂದೊಮ್ಮೆ ನನ್ನ ಕಥೆಯ ಬರೀ ಆರಂಭ ಓದಿದ್ದಕ್ಕೆ ಒಂದು ಬಸ್ಸಿನ ಅಷ್ಟೂ ಪ್ರಯಾಣಿಕರು ಇಳಿಯುವುದನ್ನು ಮರೆತು ಡಿಪೋ ಸೇರಿದ್ದರು. (ಇಬ್ಬರು ಎಂದಿಟ್ಟುಕೊಳ್ಳಿ. ಅದರಲ್ಲೊಬ್ಬ ನಿದ್ದೆ ಮಾಡಿದ್ದ.)

ಮೊದಲ ಪ್ರಯತ್ನ: ‘ಆ ಯಂತ್ರಕ್ಕೆ ಹೃದಯವಿರಲಿಲ್ಲ.’

ಹೊಡೆದುಹಾಕಿದೆ. ನಮ್ಮ ಮನೆಯ ಇಸ್ತ್ರಿಪೆಟ್ಟಿಗೆಗೂ ಹೃದಯವಿಲ್ಲ. ಅದನ್ನು ಯಾರೂ ಕಥೆಯ ಮೊದಲ ಸಾಲಿನಲ್ಲಿ ಕೂರಿಸಿ ಆರತಿ ಎತ್ತಿಲ್ಲ.

ಎರಡನೆಯ ಪ್ರಯತ್ನ: ‘ಹಸಿರೊಂದು, ಕೆಂಪೊಂದು, ಎರಡೇ ಬಟನ್ ಹಿಡಿದು ಅವಳು ಕಟ್ಟಿಕೊಂಡ ಗಂಡನ ಕೆಲಸಕ್ಕೆ ಕಲ್ಲು ಹಾಕಿದಳು.’

ಆಹಾ! ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ಫೋನ್ ಬಂತು. ಅಕ್ಕ. ನನ್ನ ಒಡಹುಟ್ಟಿದವಳು. ಈ ಕಥೆಯ ನಾಯಕಿಯೂ ಅವಳೇ.

“ಏನೋ ಅದು, ಕಲ್ಲು ಹಾಕಿದಳು ಅಂತ? ನಾನೇನು ಬೇಕು ಅಂತ ಮಾಡಿದ್ನಾ?”

“ಅಕ್ಕಾ, ಇನ್ನೂ ಎರಡನೇ ಸಾಲೂ ಬರೆದಿಲ್ಲ ಕಣೇ.”

“ಒಂದನೇ ಸಾಲಲ್ಲೇ ಮಾನ ಕಳೆದೆಯಲ್ಲ, ಇನ್ನು ಎರಡನೇದು ಯಾಕೆ? ಮೊದಲು ನಮ್ಮ ಕಂಪನಿ ಎಂಥದ್ದು ಅಂತ ಓದೋರಿಗೆ ಹೇಳು. ಆಮೇಲೆ ನನ್ನ ಬೈಕೋ.”

೨

ಕಂಪನಿ ಲಿಫ್ಟ್ ಮಾಡುತ್ತದೆ. ಮಾಡಿದ ಲಿಫ್ಟು ನಡುವೆ ನಿಂತರೆ ರಿಪೇರಿಯನ್ನೂ ಮಾಡುತ್ತದೆ. ಒಂದರ್ಥದಲ್ಲಿ ಸ್ವಾವಲಂಬಿ ಸಂಸ್ಥೆ.

ಅಕ್ಕ ಕೂರುವುದು ದೂರು ವಿಭಾಗದಲ್ಲಿ. ಯಾರಾದರೂ ಲಿಫ್ಟಿನೊಳಗೆ ಸಿಕ್ಕಿಬಿದ್ದು ಅಲ್ಲಿನ ಗಂಟೆಯ ಗುಂಡಿ ಒತ್ತಿದರೆ ಅದು ಬಾರಿಸುವುದು ಅವಳ ಕಿವಿಯಲ್ಲಿ. ಮನುಷ್ಯಕುಲ ಇದುವರೆಗೆ ಕಂಡುಹಿಡಿದ ಅಷ್ಟೂ ಬೈಗುಳ ಅವಳ ಹೆಡ್‌ಫೋನಿನ ಸ್ಪಂಜಿನಲ್ಲಿ ಇಂಗಿದೆ. ಹಿಂಡಿದರೆ ಬಕೆಟ್ಟು ತುಂಬುತ್ತದೆ, ಅದರಲ್ಲಿ ನೆಲ ಒರೆಸಿದರೆ ಟೈಲ್ಸು ಏಳುತ್ತದೆ. ಅವಳ ಮುಂದೆ ಎರಡು ಬಟನ್. ಕರೆ ಮಾಡಿದವರು ಬೈದರೆ ಕೆಂಪು, ಮರ್ಯಾದೆಯಿಂದ ಮಾತಾಡಿದರೆ ಹಸಿರು. ಕೆಂಪಿನವರ ಕಡೆಗೆ ಮೊದಲು ಆಳುಗಳು ಓಡುತ್ತಾರೆ. ಹಸಿರಿನವರು ಕಾಯಬಹುದು, ಪಾಪ, ಒಳ್ಳೆಯವರು.

ಭಾವ, ಎಂದರೆ ಅಕ್ಕನ ಗಂಡ, ಅದೇ ಕಂಪನಿಯ ರಿಪೇರಿ ವಿಭಾಗದ ಫೋರ್‌ಮನ್. ಲಿಫ್ಟು ಓಡಾಡುವ ಆ ಎತ್ತರದ ಕತ್ತಲ ಗೂಡಿಗೆ ಅವರ ಕಡೆ ‘ಬಾವಿ’ ಅನ್ನುತ್ತಾರೆ. ಬಾವಿಗಿಳಿದವನು ಬಾಯಿ ಮುಚ್ಚಬಾರದು, ಇದು ಅವರ ಕಟ್ಟಳೆ. ಮೇಲೆ ಸ್ವಿಚ್ಚಿನ ಹತ್ತಿರ ನಿಂತವನು ಬಯ್ಯುತ್ತಿರಬೇಕು, ಕೆಳಗೆ ಹಗ್ಗದಲ್ಲಿ ನೇತಾಡುವವನು ತಿರುಗಿ ಬಯ್ಯುತ್ತಿರಬೇಕು.

“ಏ ಶನಿ, ಬದುಕಿದ್ದೀಯೇನೋ?”

“ನಿನ್ನ ತಿಥಿ ಮುಗಿಸಿ ಸಾಯ್ತೀನಿ ಕಣೋ ಮುದಿ ಗೂಬೆ! ಟಾರ್ಚು ನೆಟ್ಟಗೆ ಹಿಡಿ, ನಿನ್ನ ಮೂತಿಗೇನು ಆರತಿ ಎತ್ತಿಸ್ಕೋತಿದ್ದೀಯಾ?”

ಬೈಗುಳ ತಿರುಗಿ ಬರಲಿಲ್ಲವೋ, ಮೇಲಿನವನು ಮತ್ತೊಂದು ಮಾತು ಕೇಳದೆ ಮೇನ್ ಸ್ವಿಚ್ ಆರಿಸಿ ಹಗ್ಗ ಎಳೆಯಬೇಕು. ‘ಸರಿ, ಸರಿ’ ಅಂದರೆ ಸಾಲದೇ ಎಂದು ನಾನೊಮ್ಮೆ ಕೇಳಿದ್ದೆ. ಭಾವ ನನ್ನನ್ನು ಕೆಟ್ಟುಹೋದ ಬೇರಿಂಗ್ ನೋಡುವ ಹಾಗೆ ನೋಡಿದರು.

“ಸರಿ ಸರಿ ಅಂತ ತಲೆ ತಿರುಗಿ ಬೀಳ್ತಿರೋನೂ ಹೇಳ್ತಾನಯ್ಯಾ. ಹೊಸದೊಂದು ಬೈಗುಳ ಹೊಸೀಬೇಕು ಅಂದ್ರೆ ತಲೆ ನೆಟ್ಟಗಿರಬೇಕು. ನೀನು ಬಾವಿಗೆ ಇಳಿದಿದ್ರೆ ಮೊದಲನೇ ನಿಮಿಷದಲ್ಲೇ ಮೇಲೆ ಎಳೀತಿದ್ವಿ.”

ಸಿಕ್ಕಿಬಿದ್ದವರಿಗೂ ಇದೇ ಚಿಕಿತ್ಸೆ. ಭಾವ ಬಾಗಿಲು ಬಡಿದು ಒಳಗಿನವರನ್ನು ಬೇಕೆಂದೇ ಕೆಣಕುತ್ತಾರೆ. ಅವರು ಇವರ ವಂಶವನ್ನೆಲ್ಲ ಜಾಲಾಡತೊಡಗಿದ ಮೇಲೆ ನಿಶ್ಚಿಂತೆಯಿಂದ ಸ್ಕ್ರೂಡ್ರೈವರ್ ಹುಡುಕುತ್ತಾರೆ.

(ಅಕ್ಕನಿಗೆ ಇದು ಗೊತ್ತಿರಲಿಲ್ಲವೇ? ಗಂಡನ ಬಾಯಿ ಕೊಳಕು ಎನ್ನುವುದು ಗೊತ್ತಿತ್ತು. ಆ ಕೊಳಕಿಗೊಂದು ಕೆಲಸವಿದೆ ಎನ್ನುವುದು ಗೊತ್ತಿರಲಿಲ್ಲ. ಅವಳು ಬಾವಿ ಕಂಡವಳಲ್ಲ, ಭಾವ ಹೆಡ್‌ಫೋನ್ ಹಾಕಿದವರಲ್ಲ. ಸುಖೀ ದಾಂಪತ್ಯ.)

೩

ಈಗ ಪ್ರವೇಶ: ಕಲ್ಚರ್ ಸಾಹೇಬರು. ಒಂಬತ್ತನೇ ಮಹಡಿ, ಗಾಜಿನ ಕೋಣೆ. ಮೊದಲು ಈ ಹುದ್ದೆಯ ಹೆಸರು ಸಿಬ್ಬಂದಿ ಅಧಿಕಾರಿ ಎಂದಿತ್ತು. ಆಮೇಲೆ ಕಂಪನಿಯಲ್ಲಿ ಕಲ್ಚರ್ ಇದೆಯೆಂದು ಯಾರೋ ಕಂಡುಹಿಡಿದರು; ಕಂಡದ್ದನ್ನು ಅಳೆಯಬೇಕಲ್ಲ?

ಸಾಹೇಬರು ಮೆಷೀನ್ ಲರ್ನಿಂಗ್ ತಂದರು. ಪ್ರತಿಯೊಬ್ಬ ನೌಕರನೂ ತನ್ನ ವಿಭಾಗದ ಬಗ್ಗೆ ಹೆಸರು ಹಾಕದೆ ಒಂದು ರಿವ್ಯೂ ಬರೆಯುವುದು. ಯಂತ್ರ ಅಷ್ಟನ್ನೂ ಓದಿ ಯಾವ ವಿಭಾಗದಲ್ಲಿ ಎಷ್ಟು ಗೌರವ, ಎಷ್ಟು ವಿಶ್ವಾಸ, ಎಷ್ಟು ನೆಮ್ಮದಿ ಎಂದು ಐದಕ್ಕೆ ಅಂಕ ಕೊಡುವುದು. ಆದರೆ ಯಂತ್ರ ಎಂದರೆ ಎಳೆಗೂಸು. ಯಾವ ಮಾತು ಸುಖದ್ದು, ಯಾವುದು ದುಃಖದ್ದು ಎಂದು ಮೊದಲು ಯಾರಾದರೂ ಹೇಳಿಕೊಡಬೇಕು. ಸಾವಿರಾರು ರಿವ್ಯೂಗಳನ್ನು ಒಂದೊಂದಾಗಿ ಓದಿ ಗುರುತು ಹಾಕಬೇಕು. ಕಂಪನಿಯಲ್ಲಿ ಜನರ ಅಸಮಾಧಾನವನ್ನು ಅರೆದು ಕುಡಿದವರು ಯಾರು?

“ದೂರು ವಿಭಾಗದ ಮೇಡಂ,” ಎಂದರು ಸಾಹೇಬರು.

ಅಕ್ಕ ಹಿಗ್ಗಿ ಹೀರೇಕಾಯಿಯಾದಳು. ಯಂತ್ರಕ್ಕೆ ಅಕ್ಷರಾಭ್ಯಾಸ ಮಾಡಿಸುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು? ಪರದೆಯ ಮೇಲೆ ಒಂದೊಂದೇ ರಿವ್ಯೂ ಬಂತು. ಅವಳು ತನಗೆ ತಿಳಿದ ನಿಯಮವನ್ನೇ ಹಚ್ಚಿದಳು. ಬೈದಿದ್ದರೆ ಕೆಂಪು. ಮರ್ಯಾದೆಯಿದ್ದರೆ ಹಸಿರು. ಒತ್ತೀ ಒತ್ತೀ ಅವಳ ಹೆಬ್ಬೆರಳ ಗೆರೆಗಳೇ ಅಳಿಸಿಹೋಗಿ ಈಗ ಅವಳ ಫೋನೇ ಅವಳನ್ನು ಗುರುತಿಸುವುದಿಲ್ಲ.

(“ಸುಳ್ಳು!” — ಅಕ್ಕ. “ಫೋನಿಗೆ ಎಣ್ಣೆ ಕೈ ಹತ್ತಿತ್ತು, ಅಷ್ಟೇ.”)

ಯಂತ್ರ ಜಾಣಮರಿ. ಗುರು ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಕಲಿಯಿತು. ಆಮೇಲೆ ಅಸಲಿ ಪರೀಕ್ಷೆ ನಡೆಯಿತು. ಅಕೌಂಟ್ಸ್ ವಿಭಾಗದಿಂದ ಬಂದ ಒಂದು ರಿವ್ಯೂ ಇಲ್ಲಿದೆ:

‘ಮುಖ್ಯಸ್ಥರು ಬಹಳ ಒಳ್ಳೆಯವರು. ವಾತಾವರಣ ಶಾಂತವಾಗಿದೆ. ಏನೂ ಸಮಸ್ಯೆ ಇಲ್ಲ. ವಂದನೆಗಳು.’

ಉಳಿದವು? ಅವೂ ಇವೇ. ಅಕೌಂಟ್ಸ್ ಮುಖ್ಯಸ್ಥರಿಗೆ ರಬ್ಬರ್ ತಳದ ಬೂಟು. ಸದ್ದಿಲ್ಲದೆ ಕುರ್ಚಿಯ ಹಿಂದೆ ಬಂದು ನಿಲ್ಲುತ್ತಾರೆ, ಹೆಗಲಿನ ಮೇಲಿಂದ ಪರದೆ ನೋಡುತ್ತಾರೆ, ಏನೂ ಅನ್ನುವುದಿಲ್ಲ. ಅವರ ವಿಭಾಗದಲ್ಲಿ ಜನ ಸೀನು ಬಂದರೆ ಮೆಟ್ಟಿಲಿಗೆ ಓಡುತ್ತಾರೆ. ಫ್ಯಾನು ಕೂಡ ಅವರ ಮುಖ ನೋಡಿಕೊಂಡು ತಿರುಗುತ್ತದೆ. ಯಂತ್ರ ಕೊಟ್ಟ ಅಂಕ ಐದಕ್ಕೆ ಐದು.

ರಿಪೇರಿ ವಿಭಾಗದ ಒಂದು ರಿವ್ಯೂ:

‘ನಮ್ಮ ಫೋರ್‌ಮನ್ ಒಂದು ಪೀಡೆ. ದಿನವಿಡೀ ತಲೆ ತಿಂತಾನೆ. ಬೆಲ್ಟ್ ಬಿಗಿಯದೆ ಇಳಿದ್ರೆ ಕತ್ತೆ ಅಂತಾನೆ, ಬಿಗಿದ್ರೆ ಕಟ್ಟಿದ ಕತ್ತೆ ಅಂತಾನೆ. ಜ್ವರ ಬಂದಾಗ ಮನೆತನಕ ಬಂದು ಬೈದುಹೋದ. ಈ ದರಿದ್ರದೋನು ಬಿಟ್ಟ ದಿನ ನಾನೂ ಕೆಲಸ ಬಿಡ್ತೀನಿ.’

ಯಂತ್ರಕ್ಕೆ ಪೀಡೆ ಕಂಡಿತು, ಕತ್ತೆ ಕಂಡಿತು, ದರಿದ್ರ ಕಂಡಿತು, ಕೊನೆಗೆ ‘ಕೆಲಸ ಬಿಡ್ತೀನಿ’ ಕಂಡಿತು. ಐದಕ್ಕೆ ಅರ್ಧ. ಆ ಅರ್ಧವೂ ಎಲ್ಲಿಂದ ಬಂತೋ, ಪೂರ್ಣವಿರಾಮಕ್ಕೆ ಕೊಟ್ಟಿರಬೇಕು.

ಅಕೌಂಟ್ಸಿಗೆ ಗಾಜಿನ ಟ್ರೋಫಿ. ಭಾವನಿಗೆ ಸೌಜನ್ಯ ತರಬೇತಿ. ಅದು ಮುಗಿದ ಮೇಲೆ ‘ಬಾವಿಯಲ್ಲಿ ನಾನಾಗಲಿ ನನ್ನವರಾಗಲಿ ಅಸಭ್ಯ ಭಾಷೆ ಆಡುವುದಿಲ್ಲ’ ಎಂದು ಸಹಿ ಮಾಡಬೇಕು. ಮಾಡದಿದ್ದರೆ ಮನೆಗೆ. ಮಾಡಿದರೆ? ಮಾಡಿದರೆ, ನಾಳೆ ಬಾವಿಯೊಳಗೆ ಒಬ್ಬನಿಗೆ ಕರೆಂಟ್ ಹೊಡೆದಾಗ ಮೇಲಿನವನು ಅವನ ಮೌನವನ್ನು ಸಭ್ಯತೆ ಎಂದುಕೊಂಡು ಕಾಯುತ್ತಾ ನಿಂತಿರುತ್ತಾನೆ.

(ಈ ಯಶೋಗಾಥೆಯನ್ನು ಕಂಪನಿಯ ಪತ್ರಿಕೆಗೆ ಬರೆದುಕೊಡಲು ಸಾಹೇಬರು ಕರೆದದ್ದು ಯಾರನ್ನು? ಊಹಿಸಿ. ಎರಡು ಪುಟ, ನಗುಮುಖದ ಫೋಟೋಗೆ ಜಾಗ ಬಿಟ್ಟು. ನೀವು ಓದುತ್ತಿರುವುದು ಅದನ್ನೇ. ಫೋಟೋ ಹಾಕಿಲ್ಲ.)

೪

ಇಲ್ಲಿ ತಮಾಷೆಯ ದೃಶ್ಯವೊಂದು ಬೇಕು ಎಂದು ತರಬೇತಿಯ ಕ್ಲಾಸನ್ನು ಏಳು ಪುಟ ಬರೆದಿದ್ದೆ. ಓದಿದವರು ನಕ್ಕು ನಕ್ಕು ಆಸ್ಪತ್ರೆ ಸೇರುತ್ತಿದ್ದರು. ಅಷ್ಟರಲ್ಲಿ ಅಕ್ಕನ ಫೋನ್ ಬಂತು. ಅವಳ ದನಿ ಹಿಂದೆಂದೂ ಕೇಳದಷ್ಟು ಸಣ್ಣಗಿತ್ತು.

“ನಿಮ್ಮ ಭಾವ ಇವತ್ತು ನನ್ನ ಹತ್ರ ‘ದಯವಿಟ್ಟು ನೀರು ಕೊಡ್ತೀರಾ’ ಅಂದ್ರು ಕಣೋ.”

“ಒಳ್ಳೇದಾಯ್ತಲ್ಲ?”

“ಕೊಡ್ತೀರಾ! ನನಗೆ ಬಹುವಚನ! ಮದುವೆಯಾದಾಗಿಂದ ನನ್ನ ‘ಏ ಗುಂಡು’ ಅಂತ ಬಿಟ್ಟು ಬೇರೆ ಕರೆದೋರಲ್ಲ. ನೀರು ಕೊಟ್ಟೆ, ‘ಧನ್ಯವಾದ’ ಅಂದ್ರು. ಸಾರಿಗೆ ಉಪ್ಪೇ ಹಾಕದೆ ಬಡಿಸಿದೆ, ಬೇಕಂತಲೇ. ‘ಚೆನ್ನಾಗಿದೆ’ ಅಂತ ತಿಂದು ಎದ್ದು ತಟ್ಟೆ ತೊಳೆದಿಟ್ರು.”

“ನಾನು ಬೇಕಾದ್ರೆ ಮಾತಾಡ್ಲಾ?”

“ನಿನ್ನ ಮಾತು ಕಟ್ಕೊಂಡು ಏನು ಮಾಡ್ಲಿ? ಅಲ್ವೋ, ಇವರ ಹುಡುಗರನ್ನ ವಿಚಾರಿಸಿದೆ. ಬಾವೀಲಿ ಯಾಕೆ ಬೈತಾರೆ ಅಂತ ಇವತ್ತು ಗೊತ್ತಾಯ್ತು ನಂಗೆ. ನನ್ನ ಫೋನಿಗೆ ಬರೋ ಹಸಿರು ಕರೆಗಳಿವೆಯಲ್ಲ, ‘ಪರವಾಗಿಲ್ಲ, ನಿಧಾನವಾಗಿ ಬನ್ನಿ’ ಅಂತಾರಲ್ಲ... ಅವರಲ್ಲಿ ಎಷ್ಟು ಜನ ಆಗಲೇ ಉಸಿರು ಕಟ್ಟಿ ಕೂತಿದ್ರೋ.”

ಏಳು ಪುಟ ಹರಿದು ಹಾಕಿದೆ. ಸಾಹಿತ್ಯಲೋಕಕ್ಕೆ ಆದ ನಷ್ಟ ಅಳೆಯಲು ಯಾವ ಯಂತ್ರವೂ ಇಲ್ಲ.

೫

ಮರುದಿನ ಅಕ್ಕ ಒಂಬತ್ತನೇ ಮಹಡಿಗೆ ಹೋದಳು. ಗಾಜಿನ ಕೋಣೆಯಾದ್ದರಿಂದ ನನಗೆ ಎಲ್ಲವೂ ಕಂಡಿತು. ಕಥೆ ನನ್ನದಾದ್ದರಿಂದ ಎಲ್ಲವೂ ಕೇಳಿಸಿತು.

“ಸರ್, ನಾನು ಬಟನ್ ತಪ್ಪಾಗಿ ಒತ್ತಿದ್ದೀನಿ.”

“ಎಷ್ಟು?”

“ಎಲ್ಲಾ.”

ಸಾಹೇಬರು ನಕ್ಕರು. “ಹಾಗಾಗೋಕೆ ಸಾಧ್ಯನೇ ಇಲ್ಲ ಮೇಡಂ. ಟೆಸ್ಟ್ ಮಾಡಿದ್ದೀವಿ. ಮೆಷೀನು ತೊಂಬತ್ತೇಳು ಪರ್ಸೆಂಟ್ ಕರೆಕ್ಟಾಗಿದೆ.”

“ಯಾರ ಲೆಕ್ಕದಲ್ಲಿ ಸರ್?”

“ನೀವು ಒತ್ತಿದ ಬಟನ್ ಲೆಕ್ಕದಲ್ಲಿ.”

“ಅಯ್ಯೋ, ಆ ಒತ್ತಿದ್ದೇ ತಪ್ಪು ಅಂತಿದ್ದೀನಿ!”

“ನೋಡಿ, ಮೆಷೀನಿಗೆ ನಿಮ್ಮ ಮೇಲೆ ತೊಂಬತ್ತೇಳು ಪರ್ಸೆಂಟ್ ನಂಬಿಕೆ. ನಿಮಗೇ ನಿಮ್ಮ ಮೇಲೆ ಇಲ್ಲ. ಇದೂ ಒಂದು ಕಲ್ಚರ್ ಸಮಸ್ಯೆ. ಬರೆದುಕೊಳ್ತೀನಿ.” ಬರೆದುಕೊಂಡರು. “ಅಲ್ಲದೆ ಫೋರ್‌ಮನ್ ನಿಮ್ಮ ಮನೆಯವರು. ಅವರಿಗೆ ಅಂಕ ಕಮ್ಮಿ ಬಂತು ಅಂತ ಈಗ ಬಟನ್ ಬದಲಾಯಿಸಿದ್ರೆ ನಾಲ್ಕು ಜನ ಏನಂತಾರೆ?”

“ನಾಲ್ಕು ಜನ ಬಾವೀಲಿ ಬಿದ್ದ ಮೇಲೆ ಏನಂತಾರೆ ಸರ್?”

“ಸಭ್ಯವಾಗಿ ಅಂದ್ರೆ ಸಾಕು.”

(ಈ ಕೊನೆಯ ಮಾತು ಸಾಹೇಬರು ಆಡಲಿಲ್ಲ, ನಾನು ಸೇರಿಸಿದ್ದು. ಅವರು ನಿಜವಾಗಿ ಆಡಿದ್ದು ಇನ್ನೂ ಕೆಟ್ಟದಾಗಿತ್ತು: “ನಾಳೆ ಹನ್ನೊಂದಕ್ಕೆ ಅವರು ಸಹಿ ಮಾಡೋಕೆ ಬರ್ತಿದ್ದಾರೆ. ನೀವೂ ಬನ್ನಿ, ಫೋಟೋ ಇದೆ.”)

೬

ಈಗ ಅಂತ್ಯ ಬೇಕು. ನನ್ನ ಬಳಿ ಅಂತ್ಯಗಳಿಗೆ ಬರವೇ? ಒಂದು ಗೋದಾಮಿದೆ. ಮೂರು ಸ್ಯಾಂಪಲ್ ತೋರಿಸುತ್ತೇನೆ.

ಅಂತ್ಯ ಅ: ಸಭ್ಯ ಭಾಷೆಯ ಮೊದಲ ದಿನವೇ ರಿಪೇರಿಯವನೊಬ್ಬ ಬಾವಿಯಲ್ಲಿ ಸದ್ದಿಲ್ಲದೆ ಸಾಯುತ್ತಾನೆ. ಕಲ್ಲೂ ಕರಗುತ್ತದೆ. ಇದನ್ನು ಬರೆಯಲು ಪೆನ್ನು ಎತ್ತಿದಾಗ ಭಾವ ನನ್ನ ಟೇಬಲಿನ ಎದುರು ಬಂದು ನಿಂತರು.

“ಬೇಡ,” ಎಂದರು. “ನಿನ್ನ ಕಥೆ ಓಡ್ಲಿ ಅಂತ ನನ್ನ ಹುಡುಗನ್ನ ಬೀಳಿಸ್ಬೇಡ. ದಯವಿಟ್ಟು.”

‘ದಯವಿಟ್ಟು’ ಎನ್ನದೆ ನನ್ನ ಕತ್ತಿನ ಪಟ್ಟಿ ಹಿಡಿದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂತ್ಯ ಆ: ಕಲ್ಚರ್ ಸಾಹೇಬರೇ ಲಿಫ್ಟಿನಲ್ಲಿ ಸಿಕ್ಕಿಬೀಳುತ್ತಾರೆ. ಭಾವ ಹೊರಗಿಂದ ಕೆಣಕುತ್ತಾರೆ, ಸಾಹೇಬರು ಬಾಯ್ತುಂಬ ಬಯ್ಯುತ್ತಾರೆ, ಜ್ಞಾನೋದಯವಾಗುತ್ತದೆ. ಇದು ನಿಮಗೆ ಕಥೆಯ ಮೂರನೇ ಭಾಗದಲ್ಲೇ ಹೊಳೆದಿತ್ತು, ಸುಳ್ಳು ಹೇಳಬೇಡಿ. ನಿಮಗೆ ಹೊಳೆದದ್ದನ್ನು ಬರೆಯಲು ನಾನೇ ಬೇಕೇ?

ಅಂತ್ಯ ಇ: ಅಕೌಂಟ್ಸಿನವರೆಲ್ಲ ಎದ್ದುನಿಂತು ಒಕ್ಕೊರಲಿನಿಂದ ನಿಜ ಹೇಳುತ್ತಾರೆ. ಬರೆದೆ. ಅವರು ಯಾರೂ ಏಳಲಿಲ್ಲ. ಒಬ್ಬಾಕೆ ಮಾತ್ರ ಸೀನುವುದಕ್ಕೆಂದು ಮೆಟ್ಟಿಲ ಕಡೆಗೆ ಓಡಿದಳು.

೭

ತಲೆ ಕೆಟ್ಟಿತು. ಎಂಥೆಂಥ ಪಾತ್ರಗಳನ್ನು ಪಳಗಿಸಿದ ನಾನು! ಇವರಿಗೆ ನನ್ನಲ್ಲೇನು ಅಸಮಾಧಾನ? ಅದನ್ನೂ ಅಳೆದೇ ಬಿಡೋಣ ಎಂದು ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆ: ‘ಈ ಕಥೆಯೊಳಗಿನ ಕೆಲಸದ ವಾತಾವರಣ ಹೇಗಿದೆ? ಹೆಸರು ಬೇಡ.’ ಐದಕ್ಕೆ ಆರು ಬರುವುದು ಖಚಿತವಿತ್ತು.

ಮೊದಲ ಚೀಟಿ: ‘ಲೇಖಕರಿಗೆ ಮೆಷೀನ್ ಲರ್ನಿಂಗ್ ಅರ್ಥವಾಗಿಲ್ಲ. ಸುಧಾರಣೆಗೆ ವಿಪುಲ ಅವಕಾಶವಿದೆ.’ (ಒಂಬತ್ತನೇ ಮಹಡಿ.)

ಎರಡನೆಯದು: ‘ನನಗೆ ಒಂದು ಸಾಲೂ ಮಾತು ಕೊಟ್ಟಿಲ್ಲ. ಗಮನದಲ್ಲಿದೆ.’ ಓದಿ ತಿರುಗಿ ನೋಡಿದೆ. ಕುರ್ಚಿಯ ಹಿಂದೆ ಯಾರೂ ಇರಲಿಲ್ಲ. ರಬ್ಬರಿನ ವಾಸನೆ ಇತ್ತು.

ಮೂರನೆಯದು: ‘ಇವನು ಹುಟ್ಟಾ ಸುಳ್ಳುಬುರುಕ. ಒಂದಕ್ಕೆ ಹತ್ತು ಸೇರಿಸ್ತಾನೆ, ಹತ್ತಕ್ಕೆ ಉಪ್ಪುಖಾರ ಹಚ್ತಾನೆ. ನಮ್ಮ ಮನೆ ಉರೀತಿದ್ರೆ ಇವನಿಗೆ ಅಂತ್ಯದ ಚಿಂತೆ. ಇಂಥ ಮುಠ್ಠಾಳನ ಕಥೇಲಿ ಇರೋದಕ್ಕಿಂತ ಕೆಟ್ಟು ನಿಂತ ಲಿಫ್ಟಲ್ಲಿರೋದು ಮೇಲು.’ ಅಕ್ಕ. ಕಣ್ಣು ತುಂಬಿ ಬಂತು. ಇಂಥ ಪ್ರೀತಿ ಎಷ್ಟು ಲೇಖಕರಿಗೆ ಸಿಕ್ಕೀತು?

ನಾಲ್ಕನೆಯದು, ಎಣ್ಣೆಯ ಬೆರಳಚ್ಚು ಬಿದ್ದದ್ದು:

‘ಲೇಖಕರು ಬಹಳ ಒಳ್ಳೆಯವರು. ವಾತಾವರಣ ಶಾಂತವಾಗಿದೆ. ಏನೂ ಸಮಸ್ಯೆ ಇಲ್ಲ. ವಂದನೆಗಳು.’

ಭಾವ.

ಆ ಚೀಟಿಯನ್ನು ತಿರುಗಿಸಿ ನೋಡಿದೆ. ಬೆಳಕಿಗೆ ಹಿಡಿದೆ. ಹಿಂದೆ ಏನೂ ಬರೆದಿರಲಿಲ್ಲ.

೮

ಹನ್ನೊಂದಕ್ಕೆ ಸ್ವಲ್ಪ ಮುಂಚೆ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನೆಲಮಹಡಿಯಲ್ಲಿ ಲಿಫ್ಟ್ ಹತ್ತಿ ಒಂಬತ್ತನ್ನು ಒತ್ತಿದರು. ನನಗೆ ಇನ್ನೇನೂ ತೋಚಲಿಲ್ಲ. ಎಂಟಕ್ಕೂ ಒಂಬತ್ತಕ್ಕೂ ನಡುವೆ, ಎಂಟರಿಂದ ಗೇಣು ಮೇಲೆ, ಲಿಫ್ಟನ್ನು ನಿಲ್ಲಿಸಿಬಿಟ್ಟೆ. ಲೇಖಕನಾಗಿ ಇಷ್ಟೂ ಅಧಿಕಾರವಿಲ್ಲವೆಂದರೆ ಹೇಗೆ?

ಭಾವನ ಜೇಬಿನಲ್ಲಿ ಸದಾ ಲಿಫ್ಟಿನ ಕೀಲಿ ಇರುತ್ತದೆ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬಾಗಿಲು ತೆರೆದು ಹೊರಗೆ ನೆಗೆದು ನನ್ನ ಜನ್ಮ ಜಾಲಾಡುತ್ತಾರೆ ಎಂದು ಕಾದೆ. ಅವರು ಕೀಲಿ ತೆಗೆಯಲಿಲ್ಲ. ಗಂಟೆಯ ಗುಂಡಿಯನ್ನು ಒಮ್ಮೆ, ಮೆಲ್ಲಗೆ, ಒತ್ತಿದರು.

ದೂರು ವಿಭಾಗದಲ್ಲಿ ಅಕ್ಕನ ಕಿವಿಯೊಳಗೆ ದನಿ ಬಂತು.

“ನಮಸ್ಕಾರ. ಲಿಫ್ಟ್ ನಿಂತಿದೆ. ನಿಮಗೆ ಅನುಕೂಲವಾದಾಗ ಯಾರನ್ನಾದರೂ ಕಳಿಸಿ. ಆತುರವಿಲ್ಲ. ಧನ್ಯವಾದ.”

ನಿಯಮದ ಪ್ರಕಾರ ಹಸಿರು. ಅಕ್ಕ ಕೆಂಪು ಒತ್ತಿದಳು. ಒಮ್ಮೆ ಅಲ್ಲ, ಬಟನ್ನು ಒಳಗೆ ಹೋಗಿ ಮತ್ತೆ ಮೇಲೆ ಬಾರದ ಹಾಗೆ. ಹೆಡ್‌ಫೋನ್ ಕಿತ್ತೆಸೆದು ಮೆಟ್ಟಿಲು ಹಿಡಿದಳು. (ಅವಳು ಹತ್ತಿದ ರಭಸಕ್ಕೆ ಕಟ್ಟಡ ಒಂದು ಮಹಡಿ ಕೆಳಗಿಳಿಯಿತು. ಇದನ್ನು ಅವಳು ಅಲ್ಲಗಳೆದಿಲ್ಲ, ಉಸಿರಿರಲಿಲ್ಲ.) ಎಂಟನೇ ಮಹಡಿಯಲ್ಲಿ ಚಪ್ಪಲಿ ಕಳಚಿ ಲಿಫ್ಟಿನ ಬಾಗಿಲಿಗೆ ಬಡಿದಳು.

“ಏಯ್! ಗೂಬೆ! ಇಸ್ತ್ರಿ ಅಂಗಿ ಬೇರೆ ಕೇಡು ನಿಮ್ಮ ಮುಖಕ್ಕೆ! ಮೊನ್ನೆ ಉಪ್ಪಿಲ್ಲದ ಸಾರು ತಿಂದ್ರಲ್ಲ, ನಾಲಿಗೆ ಏನು ಗಿರವಿ ಇಟ್ಟಿದ್ರಾ?”

ಒಳಗಿನಿಂದ ಮೆಲುದನಿ: “ಸಾರು ಚೆನ್ನಾಗಿತ್ತು.”

“ಇಲ್ಲಾರೀ! ನಾಯೀನೂ ಮೂಸ್ತಿರ್ಲಿಲ್ಲ!”

ರಿಪೇರಿಯವರೂ ಓಡಿಬಂದರು. ಒಬ್ಬ ಬಾಗಿಲಿಗೆ ಬಾಯಿಟ್ಟು ಕೂಗಿದ: “ಏ ಮುದಿ ಪೀಡೆ, ಬದುಕಿದ್ದೀಯೋ ಇಲ್ವೋ?” ಮೌನ. ಅವನ ಕೈ ತಾನಾಗಿ ಮೇನ್ ಸ್ವಿಚ್ಚಿನ ಕಡೆ ಹೋಯಿತು. ಸ್ವಿಚ್ ಇರುವುದು ನನ್ನ ಹತ್ತಿರ. ಎಲ್ಲರೂ ನನ್ನ ಕಡೆ ತಿರುಗಿದರು.

“ನೀನೇ ತಾನೇ ನಿಲ್ಲಿಸಿದ್ದು?” ಎಂದಳು ಅಕ್ಕ.

“ಬಿಟ್ರೆ ಮೇಲೆ ಹೋಗಿ ಸಹಿ ಹಾಕ್ತಾರೆ ಅಕ್ಕಾ.”

“ಬಿಡದಿದ್ರೆ?”

ಓದುಗ ಮಹಾಶಯರೇ, ನಿಮ್ಮನ್ನೂ ಕೇಳುತ್ತೇನೆ: ಬಿಡದಿದ್ದರೆ? ನಿಮಗೆ ಅಂತ್ಯ ಬೇಕು, ಲಿಫ್ಟು ಒಂದು ಮಹಡಿಗೆ ಬಂದು ಟಿಂಗ್ ಎನ್ನಬೇಕು. ಎಂಟೋ, ಒಂಬತ್ತೋ. ಜಗತ್ತಿನ ಅತ್ಯಂತ ಪ್ರತಿಭಾವಂತ ಲೇಖಕ ಇಲ್ಲಿ ಸ್ವಿಚ್ ಹಿಡಿದು ನಿಂತಿದ್ದಾನೆ, ಮುಂದೇನೆಂದು ಅವನಿಗೆ ಗೊತ್ತಿಲ್ಲ. (ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. ‘ಪ್ರತಿಭಾವಂತ’ದಲ್ಲೂ ಇಲ್ಲ.)

ಅಷ್ಟರಲ್ಲಿ ಕಲ್ಚರ್ ಸಾಹೇಬರು ಒಂಬತ್ತರಿಂದ ಮೆಟ್ಟಿಲಿಳಿದು ಬಂದರು, ಕೈಯಲ್ಲಿ ಕಾಗದ, ಹಿಂದೆ ಫೋಟೋಗ್ರಾಫರ್. ಬಾಗಿಲ ಸಂದಿಯನ್ನು ಪರೀಕ್ಷಿಸಿದರು.

“ತೊಂದರೆ ಇಲ್ಲ. ಇಲ್ಲಿಂದಲೇ ಒಳಗೆ ತಳ್ಳಿದ್ರೆ ಸಹಿ ಹಾಕಿ ವಾಪಸ್ ಕೊಡಬಹುದಲ್ವಾ?”

ತಳ್ಳಿದರು. ಕಾಗದ ಸರ್ರನೆ ಒಳಗೆ ಹೋಯಿತು. ಪೆನ್ನನ್ನೂ ಉರುಳಿಸಿದರು. ಅದು ಒಳಗೆ ಬಿದ್ದು ಟಕ್ ಎಂದು ಸದ್ದು ಮಾಡಿತು. ಯಾರೋ ಬಗ್ಗಿ ಎತ್ತಿಕೊಂಡ ಹಾಗಾಯಿತು. ಕಾಗದ ಬಿಚ್ಚಿದ ಸದ್ದು. ಓದುತ್ತಿರಬಹುದು. ಅಕ್ಕನ ಕೈಯಲ್ಲಿ ಚಪ್ಪಲಿ ಹಾಗೇ ನಿಂತಿತ್ತು. ಯಂತ್ರವಾಗಿದ್ದರೆ ಈ ಮೌನಕ್ಕೆ ಐದಕ್ಕೆ ಐದು ಕೊಟ್ಟು ಮುಂದಿನ ರಿವ್ಯೂಗೆ ಹೋಗುತ್ತಿತ್ತು.

ಒಳಗೆ ಯಾರೋ ಗಂಟಲು ಸರಿಮಾಡಿಕೊಂಡರು.

ಅದು ಬರೀ ಕೆಮ್ಮೋ, ‘ಧನ್ಯವಾದ’ಕ್ಕೆ ಮುಂಚಿನ ಸಿದ್ಧತೆಯೋ, ಅಥವಾ ಯಾರೂ ಇದುವರೆಗೆ ಹೊಸೆಯದ ಒಂದು ಬೈಗುಳ ಹೊಕ್ಕುಳಿನಿಂದ ಮೇಲೇಳುತ್ತಿದೆಯೋ ಎಂದು ವಿವರಿಸಲು ನಾನು ಪೆನ್ನು ಎತ್ತಿದೆ. ಮೂರು ಅದ್ಭುತ ಉಪಮೆಗಳು ನಾಲಿಗೆಯ ತುದಿಯಲ್ಲಿದ್ದವು.

ಅಕ್ಕ ಬಾಗಿಲಿಗೆ ಕಿವಿ ಒತ್ತಿ, ಚಪ್ಪಲಿ ಹಿಡಿದ ಕೈಯನ್ನೇ ನನ್ನ ಮುಖದ ಮುಂದೆ ಎತ್ತಿದಳು.

“ಶ್! ಬರೀಬೇಡ. ಕೇಳಿಸ್ಕೋ.”